ಟಿವಿ ಮುಂದೆ ಇಟ್ಟ ಕಾಯಿ

ನಾನು ಸೊಸೆಯಾಗಿ ಚಿತ್ತವಾಡ್ಗಿಗೆ ಬಂದಾಗ ನನ್ನ ಹಿಂದೆ ಬಂದದ್ದು ಎರಡು ಟ್ರಂಕು, ಒಂದು ಹೊಲಿಗೆ ಮಷೀನು, ಒಂದು ಟಿವಿ. ಟ್ರಂಕುಗಳು ಒಳಕೋಣೆ ಸೇರಿದವು, ಮಷೀನು ಕಿಟಕಿ ಪಕ್ಕ ಕೂತಿತು. ಟಿವಿಯನ್ನು ಎಲ್ಲಿಡಬೇಕು ಎಂಬುದು ಮಾತ್ರ ಎರಡು ದಿನ ತೀರ್ಮಾನವಾಗಲಿಲ್ಲ. ಕಡೆಗೆ ಪಡಸಾಲೆಯಲ್ಲಿ ಭತ್ತದ ಚೀಲಗಳನ್ನು ಒತ್ತರಿಸಿ, ದೇವರ ಗೂಡಿಗೆ ಎದುರಾಗಿ ಇಟ್ಟರು. ಅತ್ತೆಗೆ ಅದು ಸರಿಬರಲಿಲ್ಲ. ಮಾವ ನಕ್ಕರು. "ದೇವರೂ ನೋಡ್ಲಿ ಬಿಡು. ದಿನಾ ನಿನ್ನ ಮಾರಿ ನೋಡಿ ಅವಕ್ಕೂ ಬ್ಯಾಸರ ಬಂದಿರತೈತಿ."

ನಾನು ಬೆಳೆದದ್ದು ದೋಣಿಮಲೈಯ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಎಡಗಡೆ ಮನೆಯವರು ಬಿಹಾರದವರು, ಬಲಗಡೆಯವರು ಎಲ್ಲೋ ಜಬಲ್ಪುರದ ಕಡೆಯವರು. ಹಾಗಾಗಿ ಓದು ಬರಹಕ್ಕಿಂತ ಮೊದಲೇ ಹಿಂದಿ ಬಂತು. ಕನ್ನಡ ಬರುತ್ತಿತ್ತು, ಆದರೆ ಅದು ಶಾಲೆಯ ಕನ್ನಡ, ಇಸ್ತ್ರಿ ಮಾಡಿಟ್ಟ ಬಟ್ಟೆಯಂಥದ್ದು. ಮಾತನ್ನು ಹೇಗೆ ಒಗ್ಗರಣೆ ಹಾಕಿ ಬಡಿಸಬೇಕು, ಎಲ್ಲಿ ನಿಲ್ಲಿಸಿ ಎದುರಿನವರ ಮುಖ ನೋಡಬೇಕು ಎನ್ನುವುದೆಲ್ಲ ನಾನು ಕಲಿತದ್ದು ಅತ್ತೆಯ ಹತ್ತಿರ, ಮತ್ತೆ ನಮ್ಮ ಓಣಿಯ ಮುದುಕಿಯರ ಹತ್ತಿರ. ಇವತ್ತು ನಾಲ್ಕು ಜನ ನನ್ನ ಮಾತು ಕೇಳಲು ಕೂರುತ್ತಾರೆಂದರೆ ಅದು ಅವರು ಕೊಟ್ಟ ಉಂಬಳಿ. ಇದನ್ನೂ ಅವರ ಹಾಗೇ ಹೇಳುವುದಕ್ಕೆ ನೋಡುತ್ತೇನೆ. ಆದರೆ ಅತ್ತೆ ಕತೆಗಳನ್ನು ಮುಗಿಸುತ್ತಿದ್ದರು, ಇದನ್ನು ನಾನು ಮುಗಿಸಲಾರೆ.

ನಾನು ಬಂದ ಮರುವರ್ಷ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿತ್ತು. ಬಸವಣ್ಣ ಕಾಲುವೆಯ ತಳದಲ್ಲಿ ಹುಡುಗರು ಗೋಲಿ ಆಡುತ್ತಿದ್ದರು. ಅಂಥ ಒಂದು ಮಧ್ಯಾಹ್ನ ನನ್ನ ನಾದಿನಿ ಕಂಪ್ಲಿಯ ಬಸ್ಸಿಳಿದು, ಒಂದು ಬಟ್ಟೆಯ ಚೀಲ ಹಿಡಿದುಕೊಂಡು ಮನೆಗೆ ಬಂದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಕರೆಯಲು ಯಾರೂ ಹೋಗಿರಲಿಲ್ಲ. ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಮದುವೆಯಾಗಿ ಕಂಪ್ಲಿಗೆ ಹೋಗಿ ನಾಲ್ಕು ವರ್ಷ. ಅತ್ತೆ ಅವಳನ್ನು ನೋಡಿ "ಬಾರವ್ವಾ" ಎಂದರೇ ಹೊರತು ಯಾಕೆ ಬಂದೆ ಎಂದು ಕೇಳಲಿಲ್ಲ. ನೀರು ಕಾಯಿಸಿ, ತಾವೇ ಎರೆಯಲು ಕೂತರು. ನಾನು ಸೀಗೆಪುಡಿ ಕೊಡಲು ಬಚ್ಚಲಿಗೆ ಹೋದಾಗ ಅವಳ ಬೆನ್ನು ಕಂಡಿತು. ಎಡ ಭುಜದಿಂದ ಕೆಳಗೆ ಒಂದು ಗೇಣು ಉದ್ದ ಚರ್ಮ ಸುಕ್ಕುಗಟ್ಟಿ, ಎಳೆಗೂಸಿನ ಅಂಗಾಲಿನ ಬಣ್ಣಕ್ಕೆ ತಿರುಗಿತ್ತು.

"ಗಾಣದಾಗ ಬೆಲ್ಲದ ಪಾಕ ಸಿಡೀತು" ಎಂದಳು ನಾದಿನಿ. ಅವಳ ಗಂಡನ ಮನೆಯವರಿಗೆ ಕಬ್ಬಿನ ಗಾಣವಿತ್ತು.

ಅತ್ತೆ ಚೊಂಬು ಕೆಳಗಿಟ್ಟರು. "ಹೌದವ್ವಾ. ಕೊಪ್ಪರಿಗಿಗೆ ಬೆನ್ನು ಕೊಟ್ಟು ಯಾರು ಪಾಕ ಕಾಸ್ತಾರ?"

ನಾದಿನಿ ಒದ್ದೆ ಕೂದಲನ್ನು ಬೆನ್ನ ಮೇಲೆ ಎಳೆದುಕೊಂಡಳು. ಅತ್ತೆ ಮತ್ತೆ ಕೇಳಲಿಲ್ಲ. ಅವಳನ್ನು ಆ ಮನೆಗೆ ಇನ್ನೊಮ್ಮೆ ಕಳಿಸಬಾರದು ಎಂದು ಅತ್ತೆ ತೀರ್ಮಾನ ಮಾಡಿದ್ದು ಆ ಬಚ್ಚಲಲ್ಲಿಯೇ. ಹೇಗೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಮಾವ ಒಳ್ಳೆಯವರು, ಮಗಳ ಮೇಲೆ ಜೀವ. ಆದರೆ ಬೀಗರ ಮುಂದೆ ತಲೆ ತಗ್ಗಿಸುವುದು ಅವರ ಕೈಲಾಗದ ಮಾತು. "ಗಂಡನ ಮನಿ ಅಂದಮ್ಯಾಲೆ ಒಂದು ಮಾತು ಬರ್ತತಿ, ಒಂದು ಹೋಗ್ತತಿ" ಎನ್ನುತ್ತಿದ್ದರು. ಬೆನ್ನಿನ ವಿಷಯ ಗಂಡಸರ ಮುಂದೆ ಆಡುವುದಲ್ಲ ಎಂದು ಅತ್ತೆ ನನ್ನ ಬಾಯಿಗೂ ಬೀಗ ಹಾಕಿದ್ದರು.

ಅದೇ ವಾರ ಟಿವಿಯಲ್ಲಿ ಒಂದು ಹಿಂದಿ ಧಾರಾವಾಹಿ ಶುರುವಾಯಿತು. ಆಗ ಮಧ್ಯಾಹ್ನದ ಹೊತ್ತು ಹೆಂಗಸರಿಗೆಂದು ಕಾರ್ಯಕ್ರಮ ಹಾಕುವುದು ಹೊಸದು. ಪ್ರತಿ ಬುಧವಾರ, ಸಕ್ಕರೆ ಕಾರ್ಖಾನೆಯ ಎರಡು ಗಂಟೆಯ ಸೈರನ್ ಕೂಗಿದ ಅರ್ಧ ಗಂಟೆಗೆ. ಗಂಡಸರು ಗದ್ದೆಯಲ್ಲೋ ಪಾಳಿಯಲ್ಲೋ ಇರುವ ಹೊತ್ತು. ನಮ್ಮ ಮನೆಯವರು ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುತ್ತಿದ್ದರು, ವಾರಕ್ಕೊಮ್ಮೆ ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದರು. ಪಡಸಾಲೆ ನಮ್ಮದೇ.

ಕತೆ ಹೀಗೆ ಶುರುವಾಗುತ್ತಿತ್ತು. ಒಂದು ಬೆಟ್ಟದ ಬುಡದಲ್ಲಿ ಪುಟ್ಟ ರೈಲ್ವೆ ಸ್ಟೇಷನ್. ಮುಂಜಾನೆ ಗಾಡಿಯಿಂದ ಒಬ್ಬಳು ಹೆಣ್ಣುಮಗಳು ಇಳಿಯುತ್ತಾಳೆ. ಅವಳ ಕೈಯಲ್ಲಿ ಒಂದು ಬಟ್ಟೆಯ ಚೀಲ.

ನಾನು ಇಷ್ಟು ಕನ್ನಡದಲ್ಲಿ ಹೇಳುವ ಹೊತ್ತಿಗೆ ಅತ್ತೆ "ತಡಿ" ಎಂದರು. ಹಗಲು ಹೊತ್ತು ಕತೆ ಹೇಳಬಾರದು ಎಂಬುದು ಆ ಮನೆಯ ಕಟ್ಟು. ಹಗಲಲ್ಲಿ ಕತೆ ಹೇಳಿದರೆ ಎಲ್ಲೋ ದಾರಿಯಲ್ಲಿ ನಡೆಯುತ್ತಿರುವವರಿಗೆ ದಾರಿ ತಪ್ಪುತ್ತದೆ ಎಂದು ಅವರ ನಂಬಿಕೆ. ಟಿವಿಯವರಿಗೆ ಅಷ್ಟೂ ತಿಳಿಯದೇ ಎಂದು ಗೊಣಗಿದರು. ನಾದಿನಿ ತೆರೆಯಿಂದ ಕಣ್ಣು ಕೀಳದೆ ಕೂತಿದ್ದಳು. ಬಂದು ಐದು ದಿನವಾಗಿತ್ತು, ಅವಳು ಯಾವುದನ್ನಾದರೂ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಅತ್ತೆ ಅವಳನ್ನು ನೋಡಿದರು, ಟಿವಿಯನ್ನು ನೋಡಿದರು. ಎದ್ದು ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದು, ಅರಿಷಿಣ ಕುಂಕುಮ ಹಚ್ಚಿ, ಟಿವಿ ಮುಂದೆ ಒಂದು ಹಿಡಿ ಅಕ್ಕಿಯ ಮೇಲೆ ಇಟ್ಟರು.

"ಪುರಾಣ ಅಂದ್ರ ಹಗಲೂ ಕೇಳಬಹುದು. ಹೇಳವ್ವಾ ಈಗ" ಎಂದರು.

ನಮ್ಮ ಕಡೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ, ಅಂದರೆ ಓದಿ ಹೇಳಲು ಶುರು ಮಾಡುತ್ತಾರೆ. ಮೊದಲ ದಿನ ಪುಸ್ತಕದ ಮುಂದೆ ಹೀಗೇ ಒಂದು ಕಾಯಿ ಇಡುತ್ತಾರೆ. ಪುರಾಣ ಮುಗಿಯುವ ದಿನಕ್ಕೆ ಮಂಗಲ ಎಂದು ಹೆಸರು. ಅವತ್ತು ಆ ಕಾಯಿ ಒಡೆದು, ಹುಗ್ಗಿ ಮಾಡಿ ಬಡಿಸುತ್ತಾರೆ. ಮನೆಯಲ್ಲಿಯೇ ಯಾರಾದರೂ ಪುರಾಣ ಹಚ್ಚಿಸಿದರೆ, ಮಂಗಲ ಆಗುವ ತನಕ ಆ ಮನೆಯ ಮಗಳಿಗೆ ಉಡಿ ತುಂಬಿ ಗಂಡನ ಮನೆಗೆ ಕಳಿಸುವುದಿಲ್ಲ. ಇದು ಅತ್ತೆಯ ತವರಿನ ಪದ್ಧತಿ. ಆ ಕ್ಷಣಕ್ಕೆ ಅದು ಅವರ ತಲೆಯಲ್ಲಿ ಇತ್ತೋ ಇಲ್ಲವೋ ನಾನು ಹೇಳಲಾರೆ. ಹಗಲುಗತೆಯ ದೋಷ ಕಳೆಯಲು ಇಟ್ಟ ಕಾಯಿ ಅಂತಲೇ ನಾನು ತಿಳಿದುಕೊಂಡಿದ್ದೆ.

ಎರಡು ಮೂರು ಬುಧವಾರ ಕಳೆಯುವುದರಲ್ಲಿ ಪಡಸಾಲೆ ತುಂಬತೊಡಗಿತು. ಹೆಂಗಸರು ಬರುವಾಗ ಎಣ್ಣೆಯನ್ನೋ ಊದಿನಕಡ್ಡಿಯನ್ನೋ ತಂದು ಕಾಯಿಯ ಮುಂದೆ ಇಟ್ಟು ಕೂರುತ್ತಿದ್ದರು. ನಾನು ಟಿವಿ ಪಕ್ಕ ಕೂತು, ಅವರು ಆಡಿದ್ದನ್ನು ಕನ್ನಡದಲ್ಲಿ ಹೇಳಬೇಕು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹಿಂದಿನ ಮನೆಯ ಹೆಂಗಸಿಗೆ ಉರ್ದು ಬರುತ್ತಿತ್ತಾದ್ದರಿಂದ ಅವರು ನನಗೆ ಮೇಲಿನ ಪರೀಕ್ಷಕರು.

"ಏ ಬೇಟಿ, ಅಷ್ಟೇ ಅಲ್ಲ ಆಕಿ ಅಂದಿದ್ದು" ಎಂದು ನಡುವೆ ಬಾಯಿ ಹಾಕುತ್ತಿದ್ದರು. "ಅಷ್ಟುದ್ದ ಮಾತು ಆಡ್ಯಾಳ, ನೀನು ಇಷ್ಟಕ್ಕ ಮುಗಿಸಿದಿ. ಉಳದದ್ದು ನೀ ತಿಂದ್ಯಾ?"

"ಖಾಲಾ, ನಾ ಹೇಳೋದ್ರಾಗ ಆಕಿ ಮುಂದಿಂದು ಆಡ್ತಾಳ್ರಿ. ಏನು ಮಾಡ್ಲಿ?"

"ಜಲ್ದಿ ಹೇಳು. ಕಂಪನಿ ಹಿಂದಿ ನಿಂದು, ಬೆಲ್ಲ ತುಳದಂಗ ಅಂಟಿಕೊಂತ ಹೊಂಟೈತಿ."

ತೆರೆಯ ಮೇಲಿನ ಆ ಹೆಣ್ಣುಮಗಳು ಸ್ಟೇಷನ್ ಮಾಸ್ತರನ ಅಕ್ಕನ ಮನೆಯಲ್ಲಿ ಕೋಣೆ ಹಿಡಿದಳು. ಮಕ್ಕಳಿಗೆ ಅಕ್ಷರ ಹೇಳಿಕೊಡತೊಡಗಿದಳು. ಯಾಕೆ ಮನೆ ಬಿಟ್ಟು ಬಂದಳು ಎಂಬುದನ್ನು ವಾರಕ್ಕೆ ಒಂದೊಂದು ಎಳೆಯಷ್ಟೇ ಬಿಡುತ್ತಿದ್ದರು. ಒಂದು ವಾರ ಅವಳ ಅಪ್ಪ ಬಂದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಅತ್ತ. ವಾಪಸ್ ಹೋಗು ಮಗಳೇ, ನನ್ನ ಮುಖ ಉಳಿಸು ಎಂದ. ನಾನು ಅದನ್ನು ಕನ್ನಡ ಮಾಡುತ್ತಿದ್ದೆ. ನಾದಿನಿ ಕಾಯಿಯ ಕೆಳಗಿನ ಅಕ್ಕಿಯ ಕಾಳುಗಳನ್ನು ಬೆರಳಲ್ಲಿ ಆ ಕಡೆ ಈ ಕಡೆ ಸರಿಸುತ್ತಿದ್ದಳು. ಅವಳು ನಗುವುದನ್ನು ಮರೆತಿಲ್ಲ ಎಂದು ನಮಗೆ ಗೊತ್ತಾದದ್ದು ಅದರ ಮುಂದಿನ ವಾರ, ಆ ಶಾಲೆಯ ಹುಡುಗನೊಬ್ಬ ಸ್ಟೇಷನ್ ಗಂಟೆ ಹೊಡೆದು ಗಾಡಿಯನ್ನೇ ಹೊರಡಿಸಿಬಿಟ್ಟಾಗ. ಅವಳು ನಕ್ಕದ್ದಕ್ಕೆ ಅತ್ತೆ ಅಳುತ್ತಾ ಅಡುಗೆಮನೆಗೆ ಎದ್ದು ಹೋದರು.

ಕಾಲುವೆಗೆ ನೀರು ಬಿಟ್ಟ ಮೇಲೆ, ನಾಟಿಯ ಗಡಿಬಿಡಿಯಲ್ಲಿ, ಕಂಪ್ಲಿಯಿಂದ ನಾದಿನಿಯ ಗಂಡನ ಸೋದರಮಾವ ಬಂದರು. ಆ ಮನೆಗೆ ಅವರೇ ಹಿರಿಯರು. ಒಂದು ಬಾಳೆಗೊನೆ, ಒಂದು ಪೆಂಟೆ ಬೆಲ್ಲ ತಂದಿದ್ದರು. ಮಾತು ಮೆತ್ತಗೆ, ನಗು ಮೆತ್ತಗೆ.

"ಹೆಣ್ಮಗಳು ತವರಿಗೆ ಬಂದು ಭಾಳ ದಿನ ಆತು. ಕರಕೊಂಡು ಹೋಗೋಣಂತ ಬಂದೀನಿ ಬೀಗರ" ಎಂದರು.

ಮಾವ ತಲೆಯಾಡಿಸುವುದರೊಳಗೆ ಅತ್ತೆ ಬಾಗಿಲ ಮರೆಯಿಂದ ಹೇಳಿದರು. "ಮನ್ಯಾಗ ಪುರಾಣ ಹಚ್ಚೀವಿ. ಮಂಗಲ ಆಗೋತನಕ ಮಗಳು ಹೊಸ್ತಿಲ ದಾಟಂಗಿಲ್ಲರಿ."

ಬಂದವರು ಅತ್ತಿತ್ತ ನೋಡಿದರು. ಪುಸ್ತಕವಿಲ್ಲ, ವ್ಯಾಸಪೀಠವಿಲ್ಲ. "ಪುರಾಣ ಯಾರು ಹೇಳ್ತಾರ್ರಿ?"

"ನಮ್ಮ ಸೊಸಿ."

"ಯಾವ ಪುರಾಣ?"

ಅತ್ತೆ ಟಿವಿಯ ಕಡೆ ಕೈ ತೋರಿಸಿದರು. ಅದರ ಮೇಲೆ ನಾನು ಕಸೂತಿ ಹಾಕಿದ ಬಟ್ಟೆ, ಮುಂದೆ ಕಾಯಿ, ಎಣ್ಣೆಯ ದೀಪ, ಓಣಿಯವರು ಹಚ್ಚಿದ ಊದಿನಕಡ್ಡಿಗಳ ಬೂದಿ. ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನಿಗೂ ನಗು ಬಂತು, ಅದನ್ನು ಕೆಮ್ಮು ಮಾಡಿಕೊಂಡರು. ಆದರೆ ಕಾಯಿ ಕಾಯಿಯೇ. ಇಟ್ಟಾಗಿದೆ, ಕುಂಕುಮ ಹಚ್ಚಿಯಾಗಿದೆ, ಓಣಿಗೆಲ್ಲ ಗೊತ್ತಾಗಿದೆ. ಅದನ್ನು ದಾಟಿ ಹೋಗುವ ಧೈರ್ಯ ಇಬ್ಬರು ಗಂಡಸರಿಗೂ ಇರಲಿಲ್ಲ.

"ಆತು" ಎಂದರು ಮಾವ. "ಇದರ ಮಂಗಲ ಆದ ದಿನ ಕಾಯಿ ಒಡೆದು, ಉಡಿ ತುಂಬಿ, ನಾನೇ ಕರಕೊಂಡು ಬಂದು ಬಿಡ್ತೀನಿ. ಇದು ನನ್ನ ಮಾತು."

ಆ ಮಾತು ಆಡಿದ ಮೇಲೆ ನಮ್ಮ ಬುಧವಾರಗಳ ರುಚಿ ಕೆಟ್ಟಿತು. ಓಣಿಯ ಹೆಂಗಸರು ಕತೆ ಯಾವಾಗ ಮುಗಿಯುತ್ತದೋ, ಆ ಹೆಣ್ಣುಮಗಳಿಗೆ ಯಾವಾಗ ಒಳ್ಳೆಯದಾಗುತ್ತದೋ ಎಂದು ಕಾಯುತ್ತಿದ್ದರು. ಅತ್ತೆ ಅದು ಮುಗಿಯದಿರಲಿ ಎಂದು ಕಾಯುತ್ತಿದ್ದರು. ತೆರೆಯ ಮೇಲೆ ಯಾರಾದರೂ ರಾಜಿಯ ಮಾತು ಆಡಿದರೆ ಅತ್ತೆಯ ಮುಖ ಕಪ್ಪಿಡುತ್ತಿತ್ತು. ಹೊಸ ಪಾತ್ರ ಬಂದರೆ ಅರಳುತ್ತಿತ್ತು. "ಇವನು ಬಂದ ಅಂದ್ರ ಇನ್ನ ನಾಕು ವಾರ ಎಳೀತಾರಲ್ಲ?" ಎಂದು ನನ್ನನ್ನು ಕೇಳುತ್ತಿದ್ದರು. ನಾದಿನಿಗೆ ಮಾತ್ರ ಎರಡೂ ಬೇಕಿತ್ತು. ಅದು ಮುಗಿಯಲೂಬಾರದು, ಕಡೆಗೆ ಏನಾಗುತ್ತದೆ ಎಂಬುದು ತಿಳಿಯಲೂಬೇಕು. ಬುಧವಾರ ಬೆಳಿಗ್ಗೆ ಅವಳು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು.

"ನೀರು ಇನ್ನಾ ಐತಿ ಅತ್ತಿಗಿ" ಎನ್ನುತ್ತಿದ್ದಳು. ಪ್ರತಿ ವಾರ ಆ ಸದ್ದು ಒಂದಿಷ್ಟು ತೆಳುವಾಗುತ್ತಿತ್ತು.

ಶ್ರಾವಣ ಬಂತು, ಮಠದಲ್ಲಿ ನಿಜವಾದ ಪುರಾಣ ಹಚ್ಚಿದರು, ಅದರ ಮಂಗಲವೂ ಆಗಿ ಹುಗ್ಗಿ ಉಂಡು ಬಂದೆವು. ನಮ್ಮದು ನಡೆದೇ ಇತ್ತು. ಕತೆಯಲ್ಲಿ ಗಂಡನಾದವನು ಅವಳನ್ನು ವಾಪಸ್ ಕಳಿಸಬೇಕೆಂದು ಕೋರ್ಟಿಗೆ ಹೋದ. ಹದಿನೇಳನೆಯ ಬುಧವಾರ ಕೋರ್ಟಿನ ದಿನ. ಪಡಸಾಲೆಯಲ್ಲಿ ಜಾಗವಿಲ್ಲದೆ ಹೆಂಗಸರು ಅಂಗಳದಲ್ಲಿ ನಿಂತಿದ್ದರು. ವಕೀಲರು ಬಹಳ ಹೊತ್ತು ಮಾತಾಡಿದರು. ಗಂಡ ಮಾತಾಡಿದ, ಅವಳ ಅತ್ತೆ ಮಾತಾಡಿದಳು, ಅಪ್ಪ ಮಾತಾಡಿದ. ಕಡೆಗೆ ಜಡ್ಜ್ ಕನ್ನಡಕ ತೆಗೆದು ಅವಳ ಕಡೆ ತಿರುಗಿ ಒಂದೇ ಮಾತು ಕೇಳಿದ.

"ಏನಂದ?" ಎಂದರು ಅತ್ತೆ.

"ನಿನಗ ಏನು ಬೇಕಮ್ಮಾ ಅಂತ ಕೇಳಿದ್ರು."

ಖಾಲಾ ಸಹ ತಿದ್ದಲಿಲ್ಲ. ತೆರೆಯ ಮೇಲೆ ಅವಳು ತಲೆ ಎತ್ತಿದಳು, ತುಟಿ ಬಿಚ್ಚಿದಳು, ಸಂಗೀತ ಬಂತು, ಹೆಸರುಗಳು ಏರತೊಡಗಿದವು. ಅಂಗಳದಲ್ಲಿದ್ದವರೆಲ್ಲ ಬಾಯಿ ಬಾಯಿ ಬಡಿದುಕೊಂಡರು. ನಾದಿನಿ ಕೂತಲ್ಲೇ ಕೂತಿದ್ದಳು.

ಮುಂದಿನ ಬುಧವಾರ ಕ್ರಿಕೆಟ್ ತೋರಿಸಿದರು. ಹೋಗಲಿ ಎಂದೆವು. ಅದರ ಮುಂದಿನ ಬುಧವಾರ ಆ ಹೊತ್ತಿಗೆ ಹಪ್ಪಳ ಸಂಡಿಗೆ ಮಾಡುವ ವಿಧಾನ ಬಂತು. ಅಡಚಣೆಗಾಗಿ ಕ್ಷಮಿಸಿ ಎನ್ನುವ ಫಲಕವಾದರೂ ಬಂದಿದ್ದರೆ, ಅಡಚಣೆ ಅನ್ನುವುದು ಒಂದಿದೆ, ಅದು ನಿವಾರಣೆಯಾಗುತ್ತದೆ ಎಂದುಕೊಳ್ಳಬಹುದಿತ್ತು. ಅದೂ ಬರಲಿಲ್ಲ. ಮೂರನೆಯ ಬುಧವಾರ ಬೇರೆ ಧಾರಾವಾಹಿ ಶುರುವಾಯಿತು, ಯಾವುದೋ ದೊಡ್ಡ ಬಂಗಲೆ, ನಗುವ ಅಣ್ಣತಮ್ಮಂದಿರು. ನಮ್ಮ ಹೆಣ್ಣುಮಗಳ ಸುದ್ದಿಯೇ ಇಲ್ಲ. ಕಟಕಟೆಯಲ್ಲಿ ಬಾಯಿ ತೆರೆದು ನಿಂತವಳು ನಿಂತೇ ಇದ್ದಳು.

ಓಣಿಯಲ್ಲಿ ತಲೆಗೊಂದು ಸುದ್ದಿ. ಆ ಪಾರ್ಟು ಮಾಡಿದವಳಿಗೆ ಮದುವೆಯಾಯಿತಂತೆ, ಗಂಡ ಬೇಡ ಅಂದನಂತೆ. ಇಲ್ಲ, ಜಡ್ಜಿನ ಪಾರ್ಟು ಮಾಡಿದ ಮುದುಕನಿಗೆ ಎದೆನೋವಂತೆ. ಖಾಲಾ ಮಾತ್ರ "ಆಕಿ ಏನು ಹೇಳ್ಬೇಕು ಅಂತ ಬರಿಯೋರಿಗೇ ತಿಳೀಲಿಲ್ಲ, ಓಡಿಹೋದ್ರು" ಎಂದರು. ನಿಜ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆಗೆ ಮಾತ್ರ ಒಳಗೊಳಗೇ ಹಿಗ್ಗು. ನಾನು ಸಪ್ಪಗೆ ಕೂತದ್ದು ನೋಡಿ, ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದರು. "ಹುಚ್ಚಿ, ಅಳ್ತಿಯಲ್ಲ. ಇನ್ನ ಮಂಗಲ ಎಲ್ಲಿಂದ ಆಗ್ತತಿ? ಮಂಗಲ ಇಲ್ಲಂದ್ರ ಕಾಯಿ ಒಡಿಯಂಗಿಲ್ಲ, ಕಾಯಿ ಒಡೀಲಿಲ್ಲಂದ್ರ ಮಗಳು ಹೋಗಂಗಿಲ್ಲ. ದೇವರು ಕಣ್ಣು ತೆರೆದ." ಆಮೇಲೆ ಒಲೆಗೆ ಕಟ್ಟಿಗೆ ಒಟ್ಟುತ್ತಾ, "ಆದ್ರೂ ಆಕಿ ಏನಂದ್ಲು ಅಂತ ಗೊತ್ತಾಗಿದ್ರ ಭೇಷಿತ್ತು" ಎಂದರು.

ಟಿವಿಯವರಿಗೆ ಕಾಗದ ಬರಿ ಎಂದು ನಾದಿನಿಯೇ ಹೇಳಿದ್ದು. ಪ್ರೇಕ್ಷಕರ ಪತ್ರಗಳನ್ನು ಓದುವ ಕಾರ್ಯಕ್ರಮದಲ್ಲಿ ದಿಲ್ಲಿಯ ವಿಳಾಸ ಕಾಣಿಸುತ್ತಿತ್ತು, ಅದನ್ನು ಬರೆದುಕೊಂಡೆ. ಇನ್ಲೆಂಡ್ ಲೆಟರ್ ಬಿಡಿಸಿಕೊಂಡು ಕೂತರೆ ಅತ್ತೆ ಹೇಳಿಕೊಟ್ಟರು. "ನೀವು ಅದನ್ನ ಮತ್ತ ಹಚ್ಚಬ್ಯಾಡ್ರಿ. ಮಂಗಲಾನೂ ಮಾಡಬ್ಯಾಡ್ರಿ. ಆದ್ರ ಜಡ್ಜ್ ಕೇಳಿದ್ದಕ್ಕ ಆಕಿ ಏನಂದ್ಲು ಅಂತ ನಮಗಷ್ಟ ಗುಟ್ಟಾಗಿ ತಿಳಸ್ರಿ. ನಾವು ಯಾರ ಮುಂದೂ ಹೇಳಂಗಿಲ್ಲ." ಹಿಂದಿಯಲ್ಲಿ ಹಾಗೆಯೇ ಬರೆದೆ. ನಾದಿನಿ ತಾನೇ ಹೋಗಿ ಡಬ್ಬಿಗೆ ಹಾಕಿ ಬಂದಳು. ಆಮೇಲೆ ದಿನಾ ಅಂಚೆಯವನು ಬರುವ ಹೊತ್ತಿಗೆ ಅಂಗಳದಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದ್ದೂ ಉಂಟು.

ಉತ್ತರ ಬರಲಿಲ್ಲ. ಬುಧವಾರ ಮಾತ್ರ ನಾವು ಬಿಡಲಿಲ್ಲ. ಎರಡರ ಕೂಗು ಆದ ಮೇಲೆ ದೀಪ ಹಚ್ಚಿ, ಬಂಗಲೆಯ ಅಣ್ಣತಮ್ಮಂದಿರ ಮುಂದೆ ಮೂವರೂ ಕೂರುತ್ತಿದ್ದೆವು. ಖಾಲಾ ಒಬ್ಬರೇ ನಮ್ಮ ಜೊತೆ. ಕನ್ನಡ ಮಾಡಿ ಹೇಳು ಎಂದು ಯಾರೂ ಅನ್ನುತ್ತಿರಲಿಲ್ಲ.

ದಸರಾ ಮುಗಿದ ವಾರ ಕಂಪ್ಲಿಯ ಸೋದರಮಾವ ಮತ್ತೆ ಬಂದರು. ಈ ಸಲ ಜೊತೆಗೆ ನಾದಿನಿಯ ಗಂಡನೂ ಇದ್ದ. ಕೈಯಲ್ಲಿ ಬಾಳೆಗೊನೆ ಇರಲಿಲ್ಲ. ನಮ್ಮ ಮನೆಯವರು ಅಂದು ಲಾರಿ ಬಿಟ್ಟು ಬಂದಿದ್ದರು, ಕಂಬಕ್ಕೆ ಒರಗಿ ನಿಂತರು. ಖಾಲಾ ಏನೋ ಮಜ್ಜಿಗೆ ಕೇಳುವ ನೆಪದಲ್ಲಿ ತಂಬಿಗೆ ಹಿಡಿದು ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತರು.

"ಗಾಣ ಹೂಡೋ ಹೊತ್ತು ಬಂತು, ಮನ್ಯಾಗ ಕೈ ಸಾಲವಲ್ದು" ಎಂದರು ಸೋದರಮಾವ. "ಬೀಗರ, ನಮ್ಮನ್ಯಾಗೂ ಟಿವಿ ಐತಿ. ನಿಮ್ಮ ಪುರಾಣ ಮುಗದು ಬ್ಯಾರೇದು ಹತ್ತೇತಿ. ನಾ ಕಣ್ಣಾರೆ ನೋಡೀನಿ."

"ಮುಗದಿಲ್ಲ" ಎಂದರು ಅತ್ತೆ. ಅವತ್ತು ಬಾಗಿಲ ಮರೆಯಲ್ಲಿ ನಿಂತಿರಲಿಲ್ಲ, ಪಡಸಾಲೆಯ ನಡುವೆ ಬಂದು ನಿಂತಿದ್ದರು. "ಮಂಗಲ ಆಗಿಲ್ಲ. ಕೇಳ್ರಿ ಬೇಕಾದ್ರ."

ಮಾವ ನನ್ನ ಕಡೆ ತಿರುಗಿದರು. ನಾನು ಸೊಸೆಯಾಗಿ ಬಂದಾಗಿನಿಂದ ಅವರು ನನಗೆ ಒಂದು ಗದರಿಕೆಯ ಮಾತೂ ಆಡಿದವರಲ್ಲ. ಅಂದೂ ಗದರಲಿಲ್ಲ. "ನಿನಗ ಹಿಂದಿ ಬರ್ತತಿ. ಖರೇ ಹೇಳವ್ವಾ. ಅದು ಮುಗದೈತೋ, ಇಲ್ಲೋ?"

"ಮುಗದಿಲ್ಲ ಮಾವ. ನಿಂತೈತಿ."

"ಮತ್ತ ಹತ್ತತೈತೇನು?"

ನಾನು ಉತ್ತರ ಹುಡುಕುವ ಮೊದಲೇ ಖಾಲಾ ಕೂತಲ್ಲಿಂದ ಕೂಗಿದರು. "ಹತ್ತತೈತ್ರೀ ಯಜಮಾನ್ರ! ದೀಪಾವಳಿ ಆದಮ್ಯಾಲೆ ಹಚ್ತೀವಿ ಅಂತ ಟಿವ್ಯಾಗ ಹೇಳ್ಯಾರ. ನಾ ಕೇಳೀನಿ, ಈಕಿನೂ ಕೇಳ್ಯಾಳ. ಹೇಳು ಬೇಟಿ."

ಅಂಥದ್ದೇನೂ ಯಾರೂ ಹೇಳಿರಲಿಲ್ಲ. ಖಾಲಾ ನನ್ನನ್ನೇ ನೋಡುತ್ತಿದ್ದರು. ಅತ್ತೆಯೂ ನೋಡುತ್ತಿದ್ದರು. ಹ್ಞೂಂ ಎಂದಿದ್ದರೆ ಸಾಕಿತ್ತು. ಅಷ್ಟು ವಾರ ತೆರೆಯ ಮೇಲಿನವರ ಮಾತನ್ನು ನನ್ನ ಬಾಯಿಂದ ಆಡಿದವಳಿಗೆ ಒಂದು ಹ್ಞೂಂ ಭಾರವಾಗಬಾರದಿತ್ತು. ಆದರೆ ಮಾವ ನನ್ನನ್ನು ನೋಡುತ್ತಿದ್ದ ರೀತಿ ಹಾಗಿತ್ತು. ನಾನು ಹೇಳಿದ್ದೇ ಖರೆ ಎಂದು ನಂಬಲು ತಯಾರಾಗಿ ಕೂತಿದ್ದರು. ಬಹುಶಃ ಸುಳ್ಳನ್ನೂ ನಂಬಲು ತಯಾರಾಗಿದ್ದರೇನೋ, ಅದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆಗ ನನಗೆ ಇಪ್ಪತ್ನಾಲ್ಕು. ಮನೆಗೆ ಬಂದು ಎರಡು ವರ್ಷವಾಗಿರಲಿಲ್ಲ.

"ನಾ ಕೇಳಿಲ್ಲ ಮಾವ" ಎಂದೆ.

ಖಾಲಾ ಸೆರಗು ಕೊಡವಿ ಎದ್ದು ಹೋದರು. ಮಜ್ಜಿಗೆಯ ತಂಬಿಗೆ ಅಲ್ಲೇ ಉಳಿಯಿತು.

ಸೋದರಮಾವ ಮತ್ತೆ ಮೆತ್ತಗಾದರು. "ನಮ್ಮೂರಾಗ ಒಮ್ಮೆ ಹಿಂಗ ಆಗಿತ್ತು. ಪುರಾಣ ಹೇಳೋ ಶಾಸ್ತ್ರಿಗಳು ನಡುವ ತೀರಿಕೊಂಡ್ರು. ಹಂಗಂತ ಕಾಯಿ ಹಂಗ ಇಡ್ತಾರೇನು? ಊರ ಹಿರಿಯರು ಒಡದ್ರು, ಮಂಗಲ ಆತು ಅಂದ್ರು, ಆತು. ನೀವು ಈ ಮನಿಗೆ ಹಿರಿಯರು ಬೀಗರ. ನೀವು ಒಡದ್ರ ಮುಗೀತು."

ಆ ದಿನ ಪಡಸಾಲೆಯಲ್ಲಿ ಎಷ್ಟೊಂದು ಕೇಳಿದರು. ಟಿವಿಯ ಬಗ್ಗೆ ನನ್ನನ್ನು ಕೇಳಿದರು. ಪದ್ಧತಿಯ ಬಗ್ಗೆ ಅತ್ತೆಯನ್ನು ಕೇಳಿದರು. ಬಸ್ಸು ಎಷ್ಟಕ್ಕೆ ಎಂದು ನಮ್ಮ ಮನೆಯವರನ್ನು ಕೇಳಿದರು. ನಾದಿನಿ ಮಷೀನಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅತ್ತೆಗೆ ಆಗ ಸಹನೆ ತಪ್ಪಿತು. "ಆಕಿ ಬೆನ್ನು ನೋಡ್ರಿ ಒಮ್ಮೆ!" ಎಂದು ಮಾವನ ಮುಂದೆ ನಿಂತು ಕೂಗಿದರು. "ನೋಡಿ ಆಮ್ಯಾಲೆ ಒಡೀರಿ."

ಮಾವ ಅಳಿಯನ ಮುಖ ನೋಡಿದರು. ಅವನು ಗೂಡಿನಲ್ಲಿದ್ದ ದೇವರ ಪಟದ ಕಡೆ ನೋಡುತ್ತಾ, "ಪಾಕ ಸಿಡದಿತ್ರಿ" ಎಂದ. ಮಾವ ಮಗಳ ಕಡೆ ತಿರುಗಿದರು. "ಹೌದೇನವ್ವಾ?"

ಗಂಡ ಅಲ್ಲೇ ಇದ್ದ. ಅವನ ಸೋದರಮಾವ ಅಲ್ಲೇ ಇದ್ದರು. ಕತ್ತಲಾಗುವುದರೊಳಗೆ ಅವಳು ಅವರ ಜೊತೆಗೇ ಹೋಗಬೇಕಾಗಬಹುದು ಎಂದು ಅವಳಿಗೂ ಗೊತ್ತಿತ್ತು. "ಹೌದಪ್ಪಾ" ಎಂದಳು.

ಮಾವ ಕಾಯಿ ಎತ್ತಿಕೊಂಡು ಅಂಗಳಕ್ಕೆ ಹೋದರು. ಒಂದೇ ಏಟಿಗೆ ಒಡೆಯಿತು. ನೀರು ಒಂದು ಹನಿಯೂ ಬೀಳಲಿಲ್ಲ. ಒಳಗೆಲ್ಲ ಒಣಗಿ ಕೊಬ್ಬರಿಯಾಗಿ ಚಿಪ್ಪಿನಿಂದ ಬಿಟ್ಟುಕೊಂಡಿತ್ತು. ಅವರು ಎರಡು ಹೋಳುಗಳನ್ನೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡುತ್ತಾ ನಿಂತರು. ಆಮೇಲೆ ಒಳಗೆ ಬಂದು ಟಿವಿ ಮುಂದೆ ಇಟ್ಟು, ಯಾರ ಮುಖವನ್ನೂ ನೋಡದೆ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡರು.

ಉಡಿ ತುಂಬಿದ್ದು ನಾನು. ಅತ್ತೆ ಒಲೆಯ ಮುಂದೆ ಕೂತುಬಿಟ್ಟಿದ್ದರು, ಏಳಲಿಲ್ಲ. ಅಕ್ಕಿ, ಉತ್ತತ್ತಿ, ಅಡಿಕೆ, ಕುಬುಸದ ಖಣ. ಕೊಬ್ಬರಿ ಹಾಕಬೇಕು. ನಾನು ಆ ಹೋಳುಗಳನ್ನು ಬಿಟ್ಟು ಡಬ್ಬಿಯಲ್ಲಿದ್ದ ಬೇರೆ ಕೊಬ್ಬರಿ ಬಟ್ಟಲು ತೆಗೆದು ಹಾಕಿದೆ. ನಾದಿನಿ ಸೆರಗು ಒಡ್ಡಿ ಕೂತಿದ್ದವಳು ಮೆಲ್ಲಗೆ ಕೇಳಿದಳು.

"ಅತ್ತಿಗಿ, ಆಕಿ ಏನಂದಿರಬೇಕು?"

"ಯಾರು?" ಎಂದೆ. ಯಾರೆಂದು ನನಗೆ ಗೊತ್ತಿತ್ತು.

ಅವಳು ಉಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಮಾವ ಮಾತು ಕೊಟ್ಟಂತೆ ತಾವೇ ಅವಳನ್ನು ಕಂಪ್ಲಿಗೆ ಬಿಟ್ಟು ಬಂದರು. ಮರುದಿನದಿಂದ ಅವರು ಪಡಸಾಲೆಯಲ್ಲಿ ಉಣ್ಣುವುದನ್ನು ಬಿಟ್ಟು ಹಿತ್ತಲ ಕಟ್ಟೆಯ ಮೇಲೆ ತಟ್ಟೆ ಹಾಕಿಸಿಕೊಳ್ಳತೊಡಗಿದರು. ಒಡೆದ ಹೋಳುಗಳನ್ನು ಅಡುಗೆಗೆ ಬಳಸಲು ಯಾರಿಗೂ ಮನಸ್ಸಾಗಲಿಲ್ಲ. ಅತ್ತೆ ಅವನ್ನು ಕಾಲುವೆಗೆ ಬಿಟ್ಟು ಬಂದರು. ಖಾಲಾ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾವೇ ಬಂದು ತಂಬಿಗೆ ಕೇಳಿದರು.

ನಾದಿನಿ ನಾಗರಪಂಚಮಿಗೆ ಬರುತ್ತಿದ್ದಳು, ಬಂದು ಮರುದಿನವೇ ಹೋಗುತ್ತಿದ್ದಳು. ಸ್ವಲ್ಪ ವರ್ಷಗಳಲ್ಲಿ ಓಣಿಗೆ ಕೇಬಲ್ ಬಂತು. ಕನ್ನಡದ ಧಾರಾವಾಹಿಗಳೇ ಬೇಕಾದಷ್ಟು ಬಂದವು, ನಾನು ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ. ಅತ್ತೆ ಅವುಗಳ ಮುಂದೆ ಕೂರುತ್ತಿರಲಿಲ್ಲ. ಕರೆದರೆ, "ಮುಗದಮ್ಯಾಲೆ ಹೇಳು, ಕೇಳ್ತೀನಿ" ಎನ್ನುತ್ತಿದ್ದರು.

ಒಂದು ಪಂಚಮಿಗೆ, ನಾವಿಬ್ಬರೇ ಪಡಸಾಲೆಯಲ್ಲಿ ಹಬ್ಬದ ಉಂಡಿ ಕಟ್ಟುತ್ತಾ ಕೂತಿದ್ದಾಗ, ನಾದಿನಿ ತಾನಾಗಿಯೇ ಆ ಮಾತು ತೆಗೆದಳು.

"ಗಾಣದ ಮುಂದ ಹೆಣ್ಮಕ್ಕಳು ಕುಂತಿರ್ತಾರ ಅತ್ತಿಗಿ, ಕಥಿ ಹೇಳು ಅಂತಾರ. ನಾ ಆ ಸ್ಟೇಷನ್ ಕಥೀನಾ ಹೇಳ್ತೀನಿ. ನೀ ಹೇಳಿದಂಗಾ ಹೇಳ್ತೀನಿ."

"ಪೂರಾ?"

"ಜಡ್ಜ್ ಕೇಳೋತನಕ."

"ಆಮ್ಯಾಲೆ?"

"ಆಮ್ಯಾಲೆ ಅವರೆಲ್ಲ ಸುಮ್ನ ನನ್ನ ಮಾರಿ ನೋಡ್ತಾರ."

"ನೀ ಏನಂತಿ?"

ಅವಳು ಉಂಡಿಯನ್ನು ಅಂಗೈಯಲ್ಲಿ ಉರುಳಿಸಿ, ಗುಂಡಗಾಯಿತೇ ಎಂದು ನೋಡಿ, ತಟ್ಟೆಯಲ್ಲಿಟ್ಟಳು. "ಪಾಕ ಉಕ್ಕಾಕತ್ತೈತಿ, ಏಳ್ರಿ ಅಂತೀನಿ."

ನಕ್ಕಳು. ನಾನೂ ನಕ್ಕೆ, ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಅವಳ ಸೆರಗು ಹಿಂದೆ ಜಾರಿತ್ತು. ಸರಿಮಾಡುವ ನೆಪದಲ್ಲಿ ಬೆನ್ನನ್ನು ಒಮ್ಮೆ ನೋಡಬೇಕೆಂದು ಕೈ ಚಾಚಿದೆ. "ಇರಲಿ ಬಿಡು ಅತ್ತಿಗಿ" ಎಂದು ಅವಳು ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿ ಕೂತಳು.